ಕೊಳ್ಳೇಗಾಲ ಸೀಮೆಯಲ್ಲಿ ಮೋಟಾರು ಯಂತ್ರದ ನಾಡೀಪರೀಕ್ಷೆ

1

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೇಲೆ ಹಾದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ವಾಹನ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತದೆ. ಮಲಗುವ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ ಇವನ್ನೆಲ್ಲ ಒಡಲಲ್ಲಿಟ್ಟುಕೊಂಡು ಸಾಗುವ ಈ ವಾಹನವನ್ನು ಕ್ಯಾರವಾನ್ ಎಂದು ಜನ ಕರೆಯುತ್ತಾರೆ; ಮೋಟಾರುಮನೆಯೆಂದರೂ ಸಲ್ಲುತ್ತದೆ. ಅದನ್ನು ನಡೆಸುವವನ ಎದುರಿಗೆ, ತಯಾರಕರು ಕೂರಿಸಿದ ಮುಳ್ಳಿನ ಮಾಪಕಗಳ ಪಕ್ಕದಲ್ಲಿ, ಒಂದು ಮೊಬೈಲು ಫೋನು ನಿಂತಿರುತ್ತದೆ. ಎಂಜಿನಿನ ನೀರಿನ ಉಷ್ಣತೆ, ನಿಮಿಷಕ್ಕೆ ಅದು ಸುತ್ತುವ ಸುತ್ತುಗಳು, ಅದರ ಮೇಲೆ ಬಿದ್ದಿರುವ ಹೊರೆ, ಬ್ಯಾಟರಿಯ ವೋಲ್ಟೇಜು ಇವು ಆ ಫೋನಿನ ಗಾಜಿನ ಮೇಲೆ ಅಂಕಿಗಳಾಗಿ ಓಡುತ್ತಿರುತ್ತವೆ. ಚಾಲಕನ ಮೊಣಕಾಲಿನ ಬಳಿ ಇರುವ 16 ಸೂಜಿಗಳ ಒಂದು ಸಾಕೆಟ್ಟಿಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಉಪಕರಣವೊಂದನ್ನು ಸಿಕ್ಕಿಸಿರುತ್ತಾರೆ. ಎಂಜಿನಿನ ಮಾತನ್ನು ಕೇಳಿ, ಬ್ಲೂಟೂತ್ ಮೂಲಕ ಫೋನಿಗೆ ತಲಪಿಸುವುದು ಅದರ ಕೆಲಸ.

ಈ ಉಪಕರಣವನ್ನೂ ಆ್ಯಪನ್ನೂ ಕೊಳ್ಳುವುದು ಹೇಗೆ, ಬಳಸುವುದು ಹೇಗೆ ಎಂಬುದನ್ನು ತಿಳಿಸುವುದು ನಮ್ಮ ಉದ್ದೇಶವಲ್ಲ. ಇತಿಹಾಸದ ಅಭ್ಯಾಸಿಗಳಾದ ನಮ್ಮ ಮುಂದಿರುವ ಪ್ರಶ್ನೆ ಬೇರೆ. ಯಂತ್ರದ ಒಳಗೆ ನಡೆಯುತ್ತಿರುವುದನ್ನು ಹೊರಗಿನವರು ತಿಳಿದುಕೊಳ್ಳುವ ಬಗೆ ಈ ಸೀಮೆಯಲ್ಲಿ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು? ಆ ಅರಿವು ಯಾರ ಕೈಯಿಂದ ಯಾರ ಕೈಗೆ ಹೋಯಿತು? ಹೋಗುವಾಗ ದಾರಿಯಲ್ಲಿ ಏನು ಉಳಿಯಿತು, ಏನು ಕಳೆಯಿತು? ಇವನ್ನು ಪರಿಶೀಲಿಸುವುದೇ ಈ ಲೇಖನದ ವಿಷಯ. ಘಟ್ಟದ ಹಾದಿಯಲ್ಲಿ ಜನರ ಪ್ರಾಣವೇ ಈ ಅರಿವನ್ನು ಆಶ್ರಯಿಸಿರುವುದರಿಂದ ಇದನ್ನು ಕೇವಲ ಕುತೂಹಲದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ.

2

ಮೊದಲು ನೆಲದ ಸ್ವರೂಪವನ್ನು ನೋಡೋಣ. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಯಳಂದೂರು ಮೈಸೂರು ಸಂಸ್ಥಾನದೊಳಗಿತ್ತು. ನೆರೆಹೊರೆಯ ಈ ಎರಡು ಊರುಗಳ ನಡುವೆ ಒಂದೂವರೆ ಶತಮಾನದಷ್ಟು ಕಾಲ ರಾಜ್ಯದ ಗಡಿ ಹಾದುಹೋಗಿತ್ತು. ಏಕೀಕರಣದಿಂದ ಇವೆರಡೂ ಮೈಸೂರು ಜಿಲ್ಲೆಯಲ್ಲಿ ಒಂದುಗೂಡಿ, 1997ರಲ್ಲಿ ರಚಿತವಾದ ಚಾಮರಾಜನಗರ ಜಿಲ್ಲೆಗೆ ಸೇರಿದುವು. ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದ ಹನೂರು ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲುಮಾರ್ಗವಿಲ್ಲ. ಆದುದರಿಂದ ಎತ್ತಿನ ಗಾಡಿಯ ಬಳಿಕ ಇಲ್ಲಿನ ಜನಕ್ಕೂ ಸರಕಿಗೂ ಮೋಟಾರೇ ಗತಿಯಾಯಿತು.

ರಸ್ತೆಗಳು ಮುಖ್ಯವಾಗಿ ಮೂರು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮೇಲೆ ಕೊಳ್ಳೇಗಾಲಕ್ಕೆ ಬಂದು, ಯಳಂದೂರು, ಚಾಮರಾಜನಗರಗಳನ್ನು ದಾಟಿ ಕೊಯಮತ್ತೂರಿನತ್ತ ಇಳಿಯುವ ಹೆದ್ದಾರಿ ಮೊದಲನೆಯದು. ಹಿಂದೆ 209 ಎಂಬ ಸಂಖ್ಯೆಯಿದ್ದ ಇದಕ್ಕೆ ಈಗ 948 ಎಂಬ ಸಂಖ್ಯೆಯಿದೆ. ಇದೇ ಹೆದ್ದಾರಿ ಮುಂದೆ ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳನ್ನು ಸುತ್ತಿ ಬಯಲಿಗೆ ಇಳಿಯುತ್ತದೆ. ಹನೂರು, ಕೌದಳ್ಳಿಗಳನ್ನು ಹಾದು, ತಾಳಬೆಟ್ಟದಿಂದ ಏರಿ ಮಹದೇಶ್ವರನ ಸನ್ನಿಧಿಯನ್ನು ಮುಟ್ಟಿ, ಅಲ್ಲಿಂದ ಪಾಲಾರಿನ ಕಡೆಗೆ ಇಳಿದು ಮೆಟ್ಟೂರನ್ನು ಸೇರುವುದು ಎರಡನೆಯದು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವುದು ಮೂರನೆಯದು. ಕೊಳ್ಳೇಗಾಲ ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದಲ್ಲಿದ್ದರೆ, ಮಹದೇಶ್ವರ ಬೆಟ್ಟ ಸುಮಾರು 3,000 ಅಡಿ, ಬಿಳಿಗಿರಿರಂಗನ ಗುಡಿ ಸುಮಾರು 5,000 ಅಡಿ ಎತ್ತರದಲ್ಲಿವೆ.

ಈ ಎತ್ತರಗಳಿಗೆ ಯಂತ್ರದ ದೃಷ್ಟಿಯಿಂದ ಒಂದು ಅರ್ಥವುಂಟು. ಎತ್ತರ ಹೆಚ್ಚಿದಂತೆ ನೀರು ಕುದಿಯುವ ಉಷ್ಣತೆ ಇಳಿಯುತ್ತದೆ. 300 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಲೆಕ್ಕ ಹಾಕಬಹುದು. ಬಿಳಿಗಿರಿರಂಗನ ಬೆಟ್ಟದ ನೆತ್ತಿಯಲ್ಲಿ ತೆರೆದ ಪಾತ್ರೆಯ ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಏರನ್ನು ಹತ್ತುವ ಎಂಜಿನಿನ ಮೇಲೆ ಹೊರೆ ಹೆಚ್ಚು, ವೇಗ ಕಡಿಮೆ. ಎದುರಿನಿಂದ ರೇಡಿಯೇಟರಿಗೆ ಬೀಸುವ ಗಾಳಿಯೂ ಕಡಿಮೆ. ಬೆನ್ನ ಹಿಂದಿನಿಂದ ಗಾಳಿ ಬೀಸಿದರಂತೂ ತಂಪೇ ಇಲ್ಲ. ಹೀಗೆ, ಶಾಖ ಅತ್ಯಧಿಕವಾಗಿ ಹುಟ್ಟುವ ಎಡೆಯಲ್ಲಿಯೇ ಅದನ್ನು ಹೊರಹಾಕುವ ಶಕ್ತಿ ಅತ್ಯಲ್ಪವಾಗಿರುತ್ತದೆ. ಬಯಲುಸೀಮೆಯ ಚಾಲಕನಿಗೆ ವರ್ಷಕ್ಕೊಮ್ಮೆ ಬರುವ ಕಷ್ಟ ಇಲ್ಲಿನವನಿಗೆ ದಿನನಿತ್ಯದ್ದು. ಯಂತ್ರದ ನಾಡಿ ಹಿಡಿಯುವ ವಿದ್ಯೆ ಈ ಸೀಮೆಯಲ್ಲಿ ಅವಶ್ಯವಾಗಿ ಬೆಳೆದುದಕ್ಕೆ ಇದೇ ಕಾರಣ.

3

ಮೋಟಾರಿಗೆ ಹಿಂದಿನ ವಾಹನವಾದ ಗಾಡಿಗೂ ಇಂಥ ಪರೀಕ್ಷೆಯೊಂದು ಇದ್ದಿತು. ಅಚ್ಚಿಗೆ ಎಣ್ಣೆ ಆರಿದುದನ್ನು ಗಾಡಿ ಹೊಡೆಯುವವನು ಕಿವಿಯಿಂದ ತಿಳಿಯುತ್ತಿದ್ದ. ಗಾಲಿ ಅಲುಗಾಡುವ ರೀತಿಯಿಂದ ಕಡಾಣಿಯ ಸ್ಥಿತಿಯನ್ನು ಊಹಿಸುತ್ತಿದ್ದ. ಎತ್ತಿನ ಉಸಿರಿನಿಂದ ಎಲ್ಲಿ ನಿಲ್ಲಿಸಬೇಕೆಂಬುದನ್ನು ನಿಶ್ಚಯಿಸುತ್ತಿದ್ದ. ಮೋಟಾರು ಬಂದಾಗ ಈ ಅಭ್ಯಾಸ ಅಳಿಯಲಿಲ್ಲ. ಗಾಲಿಯಿಂದಲೂ ಎತ್ತಿನಿಂದಲೂ ಎಂಜಿನಿಗೆ ವರ್ಗಾವಣೆಯಾಯಿತು.

ಹಳೆಯ ಡ್ರೈವರುಗಳ ಹಾಗೂ ಮೆಕ್ಯಾನಿಕ್ಕುಗಳ ಪರೀಕ್ಷಾವಿಧಾನಗಳು ಲೇಖನದಲ್ಲಿ ಇಳಿದಿರುವುದು ಅಪೂರ್ವ. ಆದರೂ ಅವು ಇಂದಿಗೂ ನಮ್ಮ ಗ್ಯಾರೇಜುಗಳಲ್ಲಿ ಆಚರಣೆಯಲ್ಲಿವೆ. ಕಣ್ಣಿನ ಪರೀಕ್ಷೆಯಲ್ಲಿ ಹೊಗೆಯ ಬಣ್ಣ ಮುಖ್ಯ. ಕಪ್ಪು ಹೊಗೆಯೆಂದರೆ ಡೀಸೆಲಿಗೆ ತಕ್ಕಷ್ಟು ಗಾಳಿ ದೊರೆಯುತ್ತಿಲ್ಲ. ನೀಲಿಯೆಂದರೆ ಎಣ್ಣೆ ಉರಿಯುತ್ತಿದೆ. ಬಿಡದೆ ಬರುವ ಬಿಳಿ ಹೊಗೆಯೆಂದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ, ಇಲ್ಲವೆ ಒಳಗೆ ನೀರು ಸೇರುತ್ತಿದೆ. ಎಣ್ಣೆಯ ಅಳತೆಕಡ್ಡಿಯನ್ನು ಎಳೆದಾಗ ಅದು ಹಾಲು ಬೆರೆಸಿದಂತೆ ಕಂಡರೆ ನೀರೂ ಎಣ್ಣೆಯೂ ಕೂಡಿವೆಯೆಂದು ತೀರ್ಮಾನ. ಕಿವಿಯ ಪರೀಕ್ಷೆಗೆ ಉದ್ದನೆಯ ಸ್ಕ್ರೂಡ್ರೈವರೇ ಸ್ಟೆತಾಸ್ಕೋಪು. ಅದರ ತುದಿಯನ್ನು ಎಂಜಿನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದರೆ ಯಾವ ಸಿಲಿಂಡರಿನಲ್ಲಿ ಬಡಿತವಿದೆಯೆಂಬುದು ಗೊತ್ತಾಗುತ್ತದೆ. ಹಳೆಯ ಡೀಸೆಲ್ ಎಂಜಿನುಗಳಲ್ಲಿ ಇಂಜೆಕ್ಟರಿನ ಕೊಳವೆಗಳನ್ನು ಒಂದೊಂದಾಗಿ ಸಡಿಲಿಸಿ ನೋಡುವ ಕ್ರಮವೂ ಇದ್ದಿತು. ಯಾವುದನ್ನು ಸಡಿಲಿಸಿದಾಗ ಎಂಜಿನಿನ ಧ್ವನಿ ಬದಲಾಗುವುದಿಲ್ಲವೊ ಆ ಸಿಲಿಂಡರೇ ಕೆಲಸಕ್ಕೆ ತಪ್ಪಿದುದು. ತರ್ಕಶಾಸ್ತ್ರದ ಅಧ್ಯಾಪಕರು ವ್ಯತಿರೇಕ ನ್ಯಾಯವನ್ನು ಬೋಧಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಕೈಯ ಪರೀಕ್ಷೆ ಇಳಿಜಾರಿನ ಕೊನೆಯಲ್ಲಿ ನಡೆಯುತ್ತದೆ. ಬೆಟ್ಟದಿಂದ ಇಳಿದು ಬಂದ ವಾಹನವನ್ನು ತಪ್ಪಲಿನಲ್ಲಿ ನಿಲ್ಲಿಸಿ, ಗಾಲಿಗಳ ನಡುಭಾಗದ ಬಳಿ ಕೈಯೊಡ್ಡಿ, ಬ್ರೇಕು ಎಷ್ಟು ಕಾದಿದೆ, ನಾಲ್ಕೂ ಕಡೆ ಸಮನಾಗಿ ಕಾದಿದೆಯೆ ಎಂದು ನೋಡುವುದುಂಟು. ಬ್ರೇಕಿನ ಲೈನಿಂಗು ಸುಡುವ ವಾಸನೆಯನ್ನು ಮೂಗು ಅದಕ್ಕೂ ಮೊದಲೇ ತಿಳಿಸಿರುತ್ತದೆ. ಈ ವಿದ್ಯೆಗೆಲ್ಲ ಪಾಠಶಾಲೆಯೆಂದರೆ ವಾಹನವೇ. ಕ್ಲೀನರಾಗಿ ಸೇರಿದ ಹುಡುಗ ರೇಡಿಯೇಟರಿಗೆ ನೀರು ಹೊಯ್ಯುತ್ತ, ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಡುತ್ತ, ಕೆಲವು ವರ್ಷಗಳಲ್ಲಿ ಡ್ರೈವರಿನ ಪಕ್ಕದಲ್ಲಿ ಕುಳಿತೇ ಇದನ್ನು ಕಲಿತುಬಿಡುತ್ತಿದ್ದ.

4

ಯಂತ್ರದ ಅವ್ಯಕ್ತ ಸ್ಥಿತಿಯನ್ನು ಮುಳ್ಳಿನ ಮಾಪಕದಲ್ಲಿ ಓದುವ ಪದ್ಧತಿ ಈ ಸೀಮೆಯ ನೆರೆಯಲ್ಲಿಯೇ ಬಹು ಬೇಗ ನೆಲೆಗೊಂಡಿತ್ತೆಂಬುದು ಗಮನಾರ್ಹ. ಕೊಳ್ಳೇಗಾಲಕ್ಕೆ ಸಮೀಪದ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಕೇಂದ್ರ ಕೆಲಸವನ್ನಾರಂಭಿಸಿ, 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿತು. ವಿದ್ಯುತ್ತನ್ನು ಕಣ್ಣಿಂದ ಕಾಣಲಾಗದು, ಕೈಯಿಂದ ಮುಟ್ಟಲಾಗದು; ವೋಲ್ಟ್ ಮೀಟರು, ಆಂಪಿಯರ್ ಮೀಟರುಗಳ ಮೂಲಕವಲ್ಲದೆ ಅದನ್ನು ಅರಿಯುವುದಕ್ಕೆ ಬೇರೆ ದಾರಿಯಿಲ್ಲ. ಇಂದ್ರಿಯವನ್ನು ಬಿಟ್ಟು ಅಂಕಿಯನ್ನು ನಂಬುವ ಅಭ್ಯಾಸ ಅಲ್ಲಿ ಅನಿವಾರ್ಯವಾಗಿಯೇ ಬಂದಿತು.

ಮೋಟಾರಿನಲ್ಲಿ ಆ ಅಭ್ಯಾಸ ನಿಧಾನವಾಗಿ ಬೇರೂರಿತು. ಅಮೆರಿಕದಲ್ಲಿ 1912ರ ಸುಮಾರಿಗೆ ಬಾಯ್ಸ್ ಎಂಬಾತ ರೇಡಿಯೇಟರಿನ ಮುಚ್ಚಳದ ಮೇಲೆ ಕೂರುವ ಉಷ್ಣಮಾಪಕವೊಂದನ್ನು ಮಾರುಕಟ್ಟೆಗೆ ತಂದನು. ಚಾಲಕನು ತನ್ನ ಆಸನದಿಂದಲೇ ಅದನ್ನು ಓದಬಹುದಾಗಿತ್ತು. ಆದರೆ ಅದು ಅಳೆಯುತ್ತಿದ್ದುದು ನೀರಿನ ಮೇಲಿನ ಆವಿಯ ಉಷ್ಣತೆಯನ್ನು. ನೀರೇ ಇಳಿದುಹೋದಾಗ ಅದರ ಸಾಕ್ಷ್ಯವನ್ನು ನಂಬುವಂತಿರಲಿಲ್ಲ. ಈ ದೋಷವನ್ನು ಓದುಗರು ನೆನಪಿನಲ್ಲಿಡಬೇಕು. ಇದು ಮುಂದೆ ಇನ್ನೊಂದು ವೇಷದಲ್ಲಿ ನಮಗೆ ಎದುರಾಗುತ್ತದೆ. ಬಳಿಕ ನೀರಿನ ಉಷ್ಣತೆ, ಎಣ್ಣೆಯ ಒತ್ತಡ, ಬ್ಯಾಟರಿಗೆ ತುಂಬುವ ವಿದ್ಯುತ್ತು ಇವುಗಳ ಮಾಪಕಗಳು ಚಾಲಕನ ಎದುರಿನ ಹಲಗೆಗೆ ಬಂದು ಸೇರಿದುವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ದಕ್ಷಿಣ ಭಾರತದ ಅನೇಕ ಬಸ್ಸುಗಳು ಇದ್ದಿಲ ಅನಿಲದಿಂದ ಓಡಿದುವು. ಆಗ ಚಾಲಕನು ಎಂಜಿನಿನ ಜೊತೆಗೆ ಒಂದು ಒಲೆಯನ್ನೂ ಕಾಯಬೇಕಾಯಿತು. ಪೆಟ್ರೋಲಿಗಿಂತ ಈ ಅನಿಲಕ್ಕೆ ಶಕ್ತಿ ಕಡಿಮೆ. ಏರು ಬಂದಾಗ ಪ್ರಯಾಣಿಕರು ಇಳಿದು ನಡೆಯುತ್ತಿದ್ದ ನೆನಪು ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು.

ಸ್ವಾತಂತ್ರ್ಯಾನಂತರ ಎರಡು ಬದಲಾವಣೆಗಳಾದುವು. ಬೆಂಗಳೂರಿನಲ್ಲಿ 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ಜನರ ಬಾಯಲ್ಲಿ ಮೈಕೋ, ಸ್ಥಾಪಿತವಾಯಿತು. ಮುಂದೆ ಡೀಸೆಲ್ ಇಂಜೆಕ್ಷನ್ ಪಂಪುಗಳು ಇಲ್ಲಿಯೇ ತಯಾರಾದುವು. ಪಂಪನ್ನು ಬಿಚ್ಚಿ, ಪರೀಕ್ಷಾಯಂತ್ರಕ್ಕೆ ಕಟ್ಟಿ, ಒಂದೊಂದು ನಳಿಕೆಯಿಂದ ಬೀಳುವ ಡೀಸೆಲನ್ನು ಗಾಜಿನ ಅಳತೆಯಲ್ಲಿ ಹಿಡಿದು ನೋಡುವ ಪಂಪ್ ಸರ್ವೀಸಿನ ಅಂಗಡಿಗಳು ಊರೂರುಗಳಲ್ಲಿ ಹುಟ್ಟಿಕೊಂಡುವು. ಎರಡನೆಯದಾಗಿ, 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಆರಂಭವಾದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಯಿತು. ನಿಗಮದ ಡಿಪೋಗಳಲ್ಲಿ ಡ್ರೈವರು ಸಂಜೆ ಬಸ್ಸನ್ನು ಒಪ್ಪಿಸುವಾಗ ಅದರ ದೋಷಗಳನ್ನು ಬರೆಸುವ ಪದ್ಧತಿ, ಲೀಟರು ಡೀಸೆಲಿಗೆ ಎಷ್ಟು ಕಿಲೋಮೀಟರು ಓಡಿತೆಂಬ ಲೆಕ್ಕವನ್ನಿಡುವ ಪದ್ಧತಿ ಬಂದುವು. ಹಿಂದೆ ಡ್ರೈವರಿನ ಮೈಯಲ್ಲಷ್ಟೇ ಇದ್ದ ಅರಿವು ಹೀಗೆ ಕಾಗದಕ್ಕೆ ಇಳಿಯಿತು. ಎಂಜಿನಿನ ಆರೋಗ್ಯಕ್ಕೂ ಒಂದು ದಫ್ತರ ಹುಟ್ಟಿತು.

5

ಯಂತ್ರ ತನ್ನ ದೋಷವನ್ನು ತಾನೇ ಬರೆದಿಡುವ ಕ್ರಮ ಹುಟ್ಟಿದುದು ಘಟ್ಟದ ರಸ್ತೆಯಲ್ಲಿ ಅಲ್ಲ. ಚಾಲಕರ ಸುರಕ್ಷತೆಗಾಗಿಯೂ ಅಲ್ಲ. ಕ್ಯಾಲಿಫೋರ್ನಿಯದ ನಗರಗಳ ಮೇಲೆ ಕವಿಯುತ್ತಿದ್ದ ಹೊಗೆಮಂಜನ್ನು ತಡೆಯುವುದಕ್ಕೆ ಅಲ್ಲಿನ ಸರ್ಕಾರ ಮಾಡಿದ ನಿಯಮಗಳಿಂದ ಅದು ಹುಟ್ಟಿತು. ಅಲ್ಲಿ 1988ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು, ಹೊಗೆಯನ್ನು ನಿಯಂತ್ರಿಸುವ ಅಂಗಗಳು ಕೆಟ್ಟರೆ ವಾಹನವೇ ಅದನ್ನು ದೀಪದಿಂದ ಸೂಚಿಸಬೇಕಾಯಿತು. ಆದರೆ ಒಬ್ಬೊಬ್ಬ ತಯಾರಕನ ಸಾಕೆಟ್ಟೂ ಸಂಕೇತವೂ ಬೇರೆ ಬೇರೆಯಾಗಿದ್ದುವು. 1996ರಿಂದ ಅಮೆರಿಕದಾದ್ಯಂತ ಒಂದೇ ಬಗೆಯ ಸಾಕೆಟ್ಟು, ಒಂದೇ ಬಗೆಯ ಸಂಕೇತಗಳು ಕಡ್ಡಾಯವಾದುವು. ಇದಕ್ಕೆ ಓಬಿಡಿ ಎರಡನೆಯ ಹಂತವೆಂದು ಹೆಸರು. ವಾಹನದೊಳಗಿನ ಪುಟ್ಟ ಗಣಕಗಳು ಒಂದೇ ಜೋಡಿ ತಂತಿಯ ಮೇಲೆ ಪರಸ್ಪರ ಮಾತನಾಡುವ ಕ್ಯಾನ್ ಎಂಬ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಪಡಿಸಿತ್ತು. ಮೈಕೋ ಆ ಕಂಪನಿಯದೇ ಅಂಗವಾಗಿದ್ದು 2008ರಲ್ಲಿ ಅದೇ ಹೆಸರನ್ನು ತಾಳಿತು. ಭಾರತದಲ್ಲಿ ಭಾರತ್ ಸ್ಟೇಜ್ 4 ನಿಯಮಗಳೊಡನೆ 2010ರ ಏಪ್ರಿಲಿನಿಂದ ಲಘುವಾಹನಗಳಿಗೆ ಓಬಿಡಿಯ ಮೊದಲ ಹಂತವೂ 2013ರ ಏಪ್ರಿಲಿನಿಂದ ಎರಡನೆಯ ಹಂತವೂ ಜಾರಿಗೆ ಬಂದುವು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ದೇಶದಾದ್ಯಂತ ಜಾರಿಯಾಯಿತು.

ಸ್ಕ್ಯಾನರು ಓದುವ ಭಾಷೆ ಎರಡು ಬಗೆಯದು. ಮೊದಲನೆಯದು ಪ್ರಶ್ನೋತ್ತರ. ನೀರಿನ ಉಷ್ಣತೆ ಎಷ್ಟೆಂದು ಫೋನು ಕೇಳಿದರೆ ಎಂಜಿನಿನ ಗಣಕ 0ಯಿಂದ 255ರವರೆಗಿನ ಒಂದು ಸಂಖ್ಯೆಯನ್ನು ಕೊಡುತ್ತದೆ. ಅದರಿಂದ 40ನ್ನು ಕಳೆದರೆ ಸೆಲ್ಸಿಯಸ್ ಡಿಗ್ರಿ ಸಿಗುತ್ತದೆ. 135 ಎಂದು ಉತ್ತರ ಬಂದರೆ ನೀರು 95 ಡಿಗ್ರಿಯಲ್ಲಿದೆ. ಎರಡನೆಯದು ದೋಷಸಂಕೇತ. ಅದರಲ್ಲಿ ಒಂದು ಅಕ್ಷರವೂ ನಾಲ್ಕು ಅಂಕಿಗಳೂ ಇರುತ್ತವೆ. ಪಿ ಎಂದರೆ ಎಂಜಿನು ಮತ್ತು ಗೇರುಗಳ ವಿಭಾಗ, ಸಿ ಎಂದರೆ ಚಾಸಿ, ಬಿ ಎಂದರೆ ಬಾಡಿ, ಯು ಎಂದರೆ ಗಣಕಗಳ ಪರಸ್ಪರ ಸಂಪರ್ಕ. ಪಿ 0217 ಎಂದರೆ ಎಂಜಿನು ಮಿತಿಮೀರಿ ಕಾದಿದೆ. ಪಿ 0300 ಎಂದರೆ ಒಂದೇ ಸಿಲಿಂಡರಿನಲ್ಲಿ ಎಂದು ಗೊತ್ತುಮಾಡಲಾಗದಂತೆ ಉರಿತ ತಪ್ಪುತ್ತಿದೆ. ದೋಷ ಕಂಡ ಕ್ಷಣದಲ್ಲಿ ವೇಗ, ಹೊರೆ, ಉಷ್ಣತೆಗಳು ಎಷ್ಟೆಷ್ಟಿದ್ದುವೆಂಬುದನ್ನೂ ಗಣಕ ಒಂದು ಚಿತ್ರದಂತೆ ಹಿಡಿದಿಡುತ್ತದೆ.

ಮೋಟಾರುಮನೆಯವರಿಗೆ ಇದು ವಿಶೇಷವಾಗಿ ಬೇಕಾಗುವುದಕ್ಕೆ ಕಾರಣಗಳಿವೆ. ವಾಹನ ಸದಾ ತುಂಬು ಭಾರದಲ್ಲಿರುತ್ತದೆ. ದಿನಗಟ್ಟಲೆ ನಿಂತು, ಬಳಿಕ ಒಮ್ಮೆಗೇ ಘಟ್ಟವನ್ನು ಏರಬೇಕಾಗುತ್ತದೆ. ದೀಪ, ಫ್ಯಾನುಗಳಿಗಾಗಿ ಬ್ಯಾಟರಿಯನ್ನು ಹೀರುತ್ತಾರೆ. ತಂಪಿಗಾಗಿ ಎಂಜಿನನ್ನು ನಿಂತಲ್ಲಿಯೇ ಓಡಿಸುತ್ತಾರೆ. ಹೀಗೆ ಓಡಿಸಿದಾಗ ಹೊಸ ಡೀಸೆಲ್ ವಾಹನಗಳ ಮಸಿಶೋಧಕದಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಅದು ಸುಟ್ಟುಹೋಗಬೇಕಾದರೆ ಹೊಗೆ ಸಾಕಷ್ಟು ಬಿಸಿಯಾಗಿ ಕೆಲವು ಹೊತ್ತು ಎಡೆಬಿಡದೆ ಹರಿಯಬೇಕು. ಇನ್ನೊಂದು ಕಾರಣ ಈ ಸೀಮೆಗೇ ವಿಶಿಷ್ಟವಾದುದು. ಹಿಂದೆ ಎಂಜಿನು ಕುದಿದರೆ ಚಾಲಕನು ನೆರಳಿನಲ್ಲಿ ನಿಲ್ಲಿಸಿ, ಆರಿಸಿ ಮುಂದೆ ಹೋಗುತ್ತಿದ್ದ. ವೀರಪ್ಪನ್ ಈ ಕಾಡುಗಳಲ್ಲಿದ್ದ ಕಾಲದಲ್ಲಿ, ಎಂದರೆ 2004ರವರೆಗೆ, ದಾರಿಯಲ್ಲಿ ಗಾಡಿ ನಿಲ್ಲುವುದೇ ಭಯದ ಮಾತಾಗಿತ್ತು. ಈಗ ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಜೀವಿಧಾಮ. ಕಾಡಿನ ನಡುವೆ ಮನಬಂದಂತೆ ನಿಲ್ಲುವಂತಿಲ್ಲ. ಎಂಜಿನಿನ ಸ್ಥಿತಿಯನ್ನು ನಿಂತು ತಿಳಿಯುವ ಕಾಲ ಹೋಗಿ, ನಿಲ್ಲದೆ ತಿಳಿಯಬೇಕಾದ ಕಾಲ ಬಂದಿದೆ. ಉಪಕರಣಕ್ಕೂ ಫೋನಿಗೂ ನಡುವಣ ಮಾತು ಬ್ಲೂಟೂತಿನಲ್ಲಿ ನಡೆಯುವುದರಿಂದ, ನೆಟ್‌ವರ್ಕ್ ಸಿಗದ ಕಾಡಿನಲ್ಲಿಯೂ ಅಂಕಿಗಳು ಕಾಣುತ್ತವೆ. ಸಲಹೆ ಕೇಳುವುದಕ್ಕೆ ಮಾತ್ರ ಅಲ್ಲಿ ಯಾರೂ ಸಿಗುವುದಿಲ್ಲ.

6

ಈಗ ನಾವು ಮುಖ್ಯ ವಿಷಯಕ್ಕೆ ಬರುತ್ತೇವೆ. ದೋಷಸಂಕೇತವನ್ನು ಅನೇಕರು ತೀರ್ಪೆಂದು ತಿಳಿಯುತ್ತಾರೆ. ಅದು ತೀರ್ಪಲ್ಲ, ಸಾಕ್ಷ್ಯ. ಶಾಸನವನ್ನು ಓದುವವನು ಅದು ಯಾರು, ಎಲ್ಲಿ, ಯಾವ ಉದ್ದೇಶದಿಂದ ಬರೆಸಿದುದೆಂದು ಕೇಳದೆ ಒಪ್ಪುವುದಿಲ್ಲ. ಯಂತ್ರದ ಬರೆಹಕ್ಕೂ ಅದೇ ನ್ಯಾಯ ಸಲ್ಲಬೇಕು. ಕೆಲವು ನಿದರ್ಶನಗಳನ್ನು ನೋಡಬಹುದು.

ಬೇಸಗೆಯ ಮಧ್ಯಾಹ್ನ ಯಳಂದೂರಿನಲ್ಲಿ ನಿಂತ ವಾಹನದ ನೀರಿನ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗಿದೆಯೆಂದು ಫೋನು ತೋರಿಸಿತೆನ್ನಿ. ಅದರ ಜೊತೆಗೆ ಪಿ 0118 ಎಂಬ ಸಂಕೇತವೂ ಇರುತ್ತದೆ. ಇಲ್ಲಿ ನೀರು ಹೆಪ್ಪುಗಟ್ಟಿಲ್ಲ; ಸಂವೇದಕದ ತಂತಿ ಕಡಿದಿದೆ. ನಿಂತ ವಾಹನದಲ್ಲಿ ಇಲಿ ಕಡಿದಿರುವುದೂ ಉಂಟು. ಉತ್ತರವೇ ಬಾರದಿದ್ದಾಗ ಗಣಕ ಅದನ್ನು 0 ಎಂದು ಎಣಿಸಿ, 40ನ್ನು ಕಳೆದು ಹೇಳಿತು. ಅಸಂಭವವಾದ ತಿಥಿಯುಳ್ಳ ಶಾಸನ ಕಂಡಾಗ ನಾವು ಹೇಗೆ ಲಿಪಿಕಾರನನ್ನು ಶಂಕಿಸುತ್ತೇವೆಯೊ ಹಾಗೆಯೇ ಇಲ್ಲಿ ತಂತಿಯನ್ನು ಶಂಕಿಸಬೇಕು.

ಇದಕ್ಕೆ ವಿರುದ್ಧವಾದುದು ಹೆಚ್ಚು ಅಪಾಯಕಾರಿ. ತಾಳಬೆಟ್ಟದ ಏರಿನಲ್ಲಿ ರೇಡಿಯೇಟರಿನ ಕೊಳವೆ ಸೋರಿ ನೀರು ಇಳಿದುಹೋಯಿತೆನ್ನಿ. ಸಂವೇದಕ ನೀರಿನಲ್ಲಿ ಮುಳುಗಿರದೆ ಆವಿಯಲ್ಲಿಯೊ ಗಾಳಿಯಲ್ಲಿಯೊ ನಿಂತರೆ ಅದು ಕಡಿಮೆ ಉಷ್ಣತೆಯನ್ನು ತೋರಿಸಬಹುದು. ಲೋಹ ಸುಡುತ್ತಿರುವಾಗ ಅಂಕಿ ಶಾಂತವಾಗಿರುತ್ತದೆ. ಬಾಯ್ಸನ ಮಾಪಕದ ಹಳೆಯ ದೋಷವೇ ಒಂದು ಶತಮಾನದ ಬಳಿಕ ಮರಳಿ ಬಂದಿದೆ. ಸಾಕ್ಷಿ ತಾನು ನಿಂತ ಎಡೆಯಿಂದ ಕಂಡುದನ್ನಷ್ಟೇ ಹೇಳಬಲ್ಲುದು. ಅದೇ ಹೊತ್ತಿನಲ್ಲಿ ಒಲೆಯ ಮೇಲೆ ಒಣಗಿದ ಪಾತ್ರೆಯಂಥ ವಾಸನೆಯನ್ನೂ ಎಂಜಿನಿನ ಎಳೆತ ಕುಗ್ಗಿದುದನ್ನೂ ಗುರುತಿಸುವ ಚಾಲಕ ಇದ್ದರೆ ಎಂಜಿನು ಉಳಿಯುತ್ತದೆ.

ಮೂರನೆಯದು ಮೋಟಾರುಮನೆಗಳಲ್ಲಿ ಸಾಮಾನ್ಯವಾದುದು. ರಾತ್ರಿಯೆಲ್ಲ ದೀಪ ಉರಿಸಿ ಬ್ಯಾಟರಿ ಸೋತರೆ, ಬೆಳಗ್ಗೆ ಒಂದೇ ಸಲಕ್ಕೆ ಯು ಅಕ್ಷರದವೂ ಇತರವೂ ಸೇರಿ ಹತ್ತಾರು ಸಂಕೇತಗಳು ಮೂಡಬಹುದು. ಅವುಗಳನ್ನು ನಂಬಿ ಒಂದೊಂದು ಅಂಗವನ್ನೂ ಬದಲಾಯಿಸಹೊರಟರೆ ಹಣಕ್ಕೆ ಕೊನೆಯಿಲ್ಲ. ಕಾರಣ ಒಂದೇ, ಕಾರ್ಯಗಳು ಹಲವು.

ನಾಲ್ಕನೆಯದು ಅಳಿಸಿದ ಬರೆಹ. ವಾಹನವನ್ನು ಮಾರುವ ಮುನ್ನ ಕೆಲವರು ಸಂಕೇತಗಳನ್ನು ಅಳಿಸಿಬಿಡುವುದುಂಟು. ಆದರೆ ಅಳಿಸಿದ ಬಳಿಕ ಗಣಕ ತನ್ನ ಸ್ವಪರೀಕ್ಷೆಗಳನ್ನೆಲ್ಲ ಮೊದಲಿನಿಂದ ನಡೆಸಬೇಕಾಗುತ್ತದೆ. ಅವು ಇನ್ನೂ ಮುಗಿದಿಲ್ಲವೆಂಬುದನ್ನು ಸ್ಕ್ಯಾನರು ತೋರಿಸುತ್ತದೆ. ಅಕ್ಷರಗಳನ್ನು ಕೆತ್ತಿ ತೆಗೆದರೂ ಕಲ್ಲಿನ ಮೇಲೆ ಉಳಿಯ ಗುರುತು ಉಳಿಯುವಂತೆ, ಇಲ್ಲಿಯೂ ಮೌನವೇ ಸಾಕ್ಷ್ಯವಾಗುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಕಂದಾಯದ ಕಡತ ಕಂದಾಯದ ವಿಷಯವನ್ನೇ ಹೇಳುತ್ತದೆ. ಅದರಲ್ಲಿ ಊರಿನ ಹಾಡನ್ನು ಹುಡುಕಬಾರದು. ಓಬಿಡಿ ಹೊಗೆಯ ನಿಯಮದಿಂದ ಹುಟ್ಟಿದುದಾದ್ದರಿಂದ ಅದು ಮುಖ್ಯವಾಗಿ ಕೇಳುವುದು ಹೊಗೆಯ ಪ್ರಶ್ನೆಯನ್ನು. ನಮ್ಮ ಘಟ್ಟದ ಪ್ರಶ್ನೆ ಅದಲ್ಲ. ಏರುವಾಗ ಎಂಜಿನು ಕುದಿದರೆ ನಷ್ಟವಾಗುವುದು ಹಣ ಮತ್ತು ಹೊತ್ತು. ಇಳಿಯುವಾಗ ಬ್ರೇಕು ಸೋತರೆ ಹೋಗುವುದು ಪ್ರಾಣ. ಬ್ರೇಕಿನ ಲೈನಿಂಗು ಎಷ್ಟು ಕಾದಿದೆಯೆಂಬುದನ್ನು ಸಾಮಾನ್ಯವಾದ ಸ್ಕ್ಯಾನರಾಗಲಿ ಆ್ಯಪಾಗಲಿ ಹೇಳುವುದಿಲ್ಲ. ಫೋನಿನ ಮೇಲೆ ಎಲ್ಲ ಅಂಕಿಗಳೂ ಹಸುರಾಗಿರುವಾಗಲೇ ಗಾಲಿಗಳು ಕಾದು ಸುಡುತ್ತಿರಬಹುದು. ಏರಿದ ಗೇರಿನಲ್ಲಿಯೇ ಇಳಿಯಬೇಕು, ಬ್ರೇಕನ್ನು ಒತ್ತಿಹಿಡಿಯಬಾರದು, ತಪ್ಪಲಿನಲ್ಲಿ ಗಾಲಿಗೆ ಕೈಯೊಡ್ಡಿ ನೋಡಬೇಕು ಎಂಬ ಹಳೆಯ ಡ್ರೈವರುಗಳ ಕಟ್ಟಳೆಗೆ ಪರ್ಯಾಯವಾವುದೂ ಈ ಉಪಕರಣದಲ್ಲಿ ಇಲ್ಲ. ದೂರದ ನಗರವೊಂದರ ಪ್ರಶ್ನೆಗೆ ಸಿದ್ಧವಾದ ಉತ್ತರವನ್ನು ನಮ್ಮ ಬೆಟ್ಟದ ಪ್ರಶ್ನೆಗೂ ಉತ್ತರವೆಂದು ಭ್ರಮಿಸುವುದೇ ಇಂದಿನ ನಿಜವಾದ ಅಪಾಯವೆಂದು ನಮಗೆ ತೋರುತ್ತದೆ.

7

ಹಾಗೆಂದು ಹೊಸ ಉಪಕರಣವನ್ನು ನಾವು ಹಳಿಯುತ್ತಿಲ್ಲ. ಮಾಪಕದ ಮುಳ್ಳು ಬಿಸಿ, ತಣ್ಣನೆ ಎಂಬ ಎರಡು ಮಾತುಗಳ ನಡುವೆ ತೂಗುತ್ತಿತ್ತು. ಫೋನು 95 ಎಂದೂ 104 ಎಂದೂ ಖಚಿತವಾಗಿ ಹೇಳುತ್ತದೆ. ಏರಿನ ಪ್ರತಿ ಮೈಲಿಯಲ್ಲಿಯೂ ಉಷ್ಣತೆ ಹೇಗೆ ಹೆಚ್ಚಿತೆಂಬುದನ್ನು ಬರೆದಿಟ್ಟು, ಕಳೆದ ವರ್ಷದ ಪ್ರಯಾಣದೊಡನೆ ಹೋಲಿಸಬಹುದು. ರೇಡಿಯೇಟರು ಕಟ್ಟಿಕೊಳ್ಳುತ್ತಿರುವುದು ಅದು ಕುದಿಯುವುದಕ್ಕೆ ಎಷ್ಟೋ ಮುಂಚೆ ತಿಳಿದುಬರುತ್ತದೆ. ಕಿವಿಗೆ ಈ ಸಾಮರ್ಥ್ಯವಿರಲಿಲ್ಲ.

ಅರಿವಿನ ಒಡೆತನದಲ್ಲಿಯೂ ಒಂದು ಪಲ್ಲಟವಾಗಿದೆ. ಗಣಕ ಮೊದಲು ಎಂಜಿನಿನೊಳಗೆ ಹೊಕ್ಕಾಗ, ಅರಿವು ಡ್ರೈವರಿನ ಕೈಯಿಂದಲೂ ಊರಿನ ಮೆಕ್ಯಾನಿಕ್ಕಿನ ಕೈಯಿಂದಲೂ ಜಾರಿ ಕಂಪನಿಯ ಸರ್ವೀಸ್ ಕೇಂದ್ರವನ್ನು ಸೇರಿತು. ಅಗ್ಗದ ಉಪಕರಣವೂ ಆ್ಯಪೂ ಅದರ ಒಂದು ಪಾಲನ್ನು ವಾಹನದ ಒಡೆಯನಿಗೂ ಸಣ್ಣ ಗ್ಯಾರೇಜಿಗೂ ಹಿಂದಿರುಗಿಸಿವೆ. ಒಂದು ಪಾಲನ್ನು ಮಾತ್ರ, ಏಕೆಂದರೆ ತಯಾರಕರ ವಿಶೇಷ ಸಂಕೇತಗಳು ಇಂದಿಗೂ ಎಲ್ಲರಿಗೂ ತೆರೆದಿಲ್ಲ. ದೊಡ್ಡ ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಮೋಟಾರುಮನೆಗಳಲ್ಲಿ ವಿದ್ಯುತ್ತು 24 ವೋಲ್ಟಿನದು, ಸಂಕೇತಭಾಷೆಯೂ ಬೇರೆಯಾಗಿರುವುದುಂಟು. ಕಾರಿಗಾಗಿ ಮಾಡಿದ 12 ವೋಲ್ಟಿನ ಉಪಕರಣ ಅಲ್ಲಿ ಸುಟ್ಟುಹೋಗಬಹುದು. ಭಾರತ ಸರ್ಕಾರ 2022ರಲ್ಲಿ ತೆರೆದ ದುರಸ್ತಿಹಕ್ಕಿನ ಜಾಲತಾಣದ ವ್ಯಾಪ್ತಿಯಲ್ಲಿ ಮೋಟಾರು ವಾಹನಗಳೂ ಸೇರಿರುವುದು ಈ ಸಂದರ್ಭದಲ್ಲಿ ಸ್ಮರಣೀಯ.

ಕೊನೆಯದಾಗಿ, ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆಯೊಂದಿದೆ. ಬಿ. ಎಲ್. ರೈಸರು ಈ ಭಾಗದ ಶಾಸನಗಳನ್ನು 1898ರಲ್ಲಿ ಪ್ರಕಟಿಸಿದಾಗ ಯಳಂದೂರಿನವು ಅದರಲ್ಲಿ ಸೇರಿದುವು. ಅನ್ಯಾಡಳಿತಕ್ಕೆ ಒಳಪಟ್ಟಿದ್ದ ಕೊಳ್ಳೇಗಾಲ ಹೊರಗುಳಿಯಿತು. ಕಲ್ಲು ಕಾದಿತು, ಅದನ್ನು ಮುಂದಿನ ತಲೆಮಾರು ಓದಲು ಸಾಧ್ಯವಾಯಿತು. ಮನುಷ್ಯನ ನೆನಪು ಹಾಗೆ ಕಾಯುವುದಿಲ್ಲ. ಎಳೆತ ಇಲ್ಲ, ಮಿಸ್ ಹೊಡೆಯುತ್ತಿದೆ, ಏರ್ ಹಿಡಿದಿದೆ, ಹೊಗೆ ಕಕ್ಕುತ್ತಿದೆ ಎಂಬ ಮಾತುಗಳಲ್ಲಿ ಒಂದೊಂದೂ ಒಂದು ರೋಗಲಕ್ಷಣದ ನಿಷ್ಕೃಷ್ಟವಾದ ಹೆಸರು. ಅವುಗಳ ಪದಕೋಶವೊಂದು ನಮ್ಮಲ್ಲಿ ಆಗಬೇಕು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಗ್ಯಾರೇಜುಗಳಲ್ಲಿ ದುಡಿದು ನಿವೃತ್ತರಾದ ಹಿರಿಯರ ಬಳಿಗೆ ವಿದ್ಯಾರ್ಥಿಗಳು ಹೋಗಿ, ಯಾವ ತಿರುವಿನಲ್ಲಿ ಯಾವ ಗೇರು, ಯಾವ ಧ್ವನಿಗೆ ಯಾವ ಕಾರಣ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಅದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಸ್ಕ್ಯಾನರಿನ ಅಂಕಿಯೊಂದನ್ನು ಮುಂದಿಟ್ಟು ಅದನ್ನು ಅವರು ಹೇಗೆ ವ್ಯಾಖ್ಯಾನಿಸುತ್ತಾರೆಂದು ಕೇಳಿದರೂ ಸಾಕು. ಹಳೆಯ ಅರಿವೂ ಹೊಸ ಅರಿವೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಅಲ್ಲಿಯೇ ಗೋಚರಿಸುತ್ತದೆ.

ಅಂಕಿಯನ್ನು ಓದುವ ಕಣ್ಣೂ ಗಾಲಿಯ ಬಿಸಿಯನ್ನು ಅರಿಯುವ ಕೈಯೂ ಒಬ್ಬನಲ್ಲಿಯೇ ಇರುವಷ್ಟು ಕಾಲ ಈ ಘಟ್ಟದ ಹಾದಿ ಕ್ಷೇಮ. ಮೊದಲನೆಯದನ್ನು ಅಂಗಡಿಯಲ್ಲಿ ಕೊಳ್ಳಬಹುದು. ಎರಡನೆಯದನ್ನು ಬಲ್ಲವರಿಂದ ಕೇಳಿಯೇ ಕಲಿಯಬೇಕು. ಬಲ್ಲವರು ಇರುವಾಗಲೇ ಕೇಳಬೇಕು.